ನಳಿಗೆಯ ಉದ್ದವೂ ಡಬ್ಬಿಯ ಮೇಲಿನ ಅಂಕಿಯೂ

ಮಲೆನಾಡಿನ ತೋಟದ ಮನೆಗಳಲ್ಲಿ ಕತ್ತಿ, ದೋಟಿ, ಸಿಂಪಡಣೆಯ ಪಂಪುಗಳಂತೆ ಕೋವಿಯೂ ಒಂದು ಉಪಕರಣ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆ, ಜೋಡುನಳಿಗೆಗಳಿವೆ. ಅಜ್ಜನ ಕಾಲದ ಕೇಪಿನ ಕೋವಿಗಳಿವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ತೋಕ್‌ಪೂ ಮುಡಿದು ಪೂಜೆಗೊಳ್ಳುವ ತೋಕುಗಳಿವೆ. ಕೋವಿಯಿದ್ದಲ್ಲಿ ಕೋವಿಯ ಮಾತೂ ಇರುತ್ತದೆ. ಚುನಾವಣೆ ಘೋಷಣೆಯಾಗಿ ಠಾಣೆಗೆ ಕೋವಿ ಒಪ್ಪಿಸಲು ಸರದಿ ನಿಂತಲ್ಲಿ, ಗೋದಾಮಿನ ಮುಂದೆ ತೂಕಕ್ಕೆ ಕಾಯುವಲ್ಲಿ, ಹಳೆಯ ಕೋವಿ ಕೊಳ್ಳುವ ಮಾರುವ ವ್ಯವಹಾರದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ನಳಿಗೆ ಉದ್ದವಿದ್ದಷ್ಟೂ ಈಡು ಜೋರು.

ಈ ಮಾತನ್ನು ನಂಬಿ ಉದ್ದ ನಳಿಗೆಯ ಕೋವಿಗೆ ನಾಲ್ಕು ಕಾಸು ಹೆಚ್ಚು ಕೊಡುವವರಿದ್ದಾರೆ. ಗಿಡ್ಡ ನಳಿಗೆಯ ಕೇಪಿನ ಕೋವಿಗೆ ಒಂದು ಚಿಟಿಕೆ ಮದ್ದು ಹೆಚ್ಚು ಹಾಕಿ ಸರಿದೂಗಿಸೋಣ ಎನ್ನುವವರೂ ಇದ್ದಾರೆ. ಮೊದಲನೆಯವರು ಕಳೆದುಕೊಳ್ಳುವುದು ಹಣ. ಎರಡನೆಯವರು ಕಳೆದುಕೊಳ್ಳಬಹುದಾದದ್ದು ಕೈ, ಕಣ್ಣು. ಆದ್ದರಿಂದ ಈ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅಗತ್ಯವೆಂದು ನಮಗೆ ತೋರಿದೆ.

ನಳಿಗೆಯ ಉದ್ದದ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ವಾದ ನಡೆದಿರುವುದು ನಮ್ಮ ಹನ್ನೆರಡು ಬೋರಿನ ಕೋವಿಗಳ ಸುತ್ತ ಅಲ್ಲ. ಆಫ್ರಿಕದಲ್ಲಿ ಆನೆ ಮತ್ತು ಅಲ್ಲಿನ ಕಾಡು ಎಮ್ಮೆಗಳ ಬೇಟೆಗೆಂದು ತಯಾರಾದ ದೊಡ್ಡ ಬೋರಿನ ರೈಫಲ್‌ಗಳ ಸುತ್ತ. ಅಲ್ಲಿ ಗುಂಡಿನ ವೇಗ ಕಡಿಮೆಯಾದರೆ ಬೇಟೆಗಾರನ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಅಲ್ಲಿ ನಡೆದ ಚರ್ಚೆಯಲ್ಲಿ ಜಾಣತನವೂ ಇದೆ, ಮೂಢನಂಬಿಕೆಯೂ ಇದೆ, ವ್ಯಾಪಾರವೂ ಇದೆ. ಆ ಕಥೆಯಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ದೊಡ್ಡ ಬೋರಿನಲ್ಲಿ ನಳಿಗೆಯ ಉದ್ದದಿಂದ ಸಿಗುವ ವೇಗ ಜನ ತಿಳಿದುಕೊಂಡದ್ದಕ್ಕಿಂತ ಕಡಿಮೆ. ಮತ್ತು ಯಾವ ನಳಿಗೆಯಿಂದ ಅಳೆದದ್ದು ಎಂದು ಹೇಳದ ವೇಗದ ಅಂಕಿಯನ್ನು ನಂಬಿ ಯಾರೂ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ನಳಿಗೆಯೊಳಗೆ ನಡೆಯುವುದೇನು

ಕುದುರೆ ಎಳೆದೊಡನೆ ಕೇಪು ಸಿಡಿದು ಕಾಡತೂಸಿನ ಹಿತ್ತಾಳೆ ಕೋಶದೊಳಗಿನ ಮದ್ದು ಹೊತ್ತಿಕೊಳ್ಳುತ್ತದೆ. ಮದ್ದು ಅನಿಲವಾಗುತ್ತದೆ. ಅನಿಲಕ್ಕೆ ಹಿಗ್ಗಲು ಜಾಗ ಬೇಕು. ಇರುವ ದಾರಿ ಒಂದೇ, ಗುಂಡನ್ನು ಮುಂದಕ್ಕೆ ನೂಕುವುದು. ಗುಂಡು ಇನ್ನೂ ಕೆಲವೇ ಅಂಗುಲ ಸರಿದಿರುವಾಗಲೇ ಒತ್ತಡ ತುತ್ತತುದಿ ಮುಟ್ಟಿರುತ್ತದೆ. ಅಲ್ಲಿಂದ ಮುಂದೆ ಗುಂಡು ಸರಿದಂತೆಲ್ಲ ಹಿಂದಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತ ಹೋಗುತ್ತದೆ. ಒತ್ತಡ ಇರುವವರೆಗೆ ಗುಂಡಿನ ವೇಗ ಏರುತ್ತಲೇ ಇರುತ್ತದೆ ನಿಜ. ಆದರೆ ಪ್ರತಿಯೊಂದು ಅಂಗುಲವೂ ತನ್ನ ಹಿಂದಿನ ಅಂಗುಲಕ್ಕಿಂತ ಕಡಿಮೆ ವೇಗವನ್ನು ಕೂಡಿಸುತ್ತದೆ. ಹತ್ತನೆಯ ಅಂಗುಲ ಕೊಡುವಷ್ಟನ್ನು ಇಪ್ಪತ್ತೈದನೆಯ ಅಂಗುಲ ಕೊಡಲಾರದು.

ತೋಟಕ್ಕೆ ಗೊಬ್ಬರ ಹಾಕುವವರಿಗೆ ಇದು ಹೊಸ ವಿಚಾರವಲ್ಲ. ಮೊದಲನೆಯ ಚೀಲ ಕೊಡುವ ಫಸಲನ್ನು ನಾಲ್ಕನೆಯ ಚೀಲ ಕೊಡುವುದಿಲ್ಲ. ಹಾಕುತ್ತ ಹೋದರೆ ಒಂದು ಹಂತದಲ್ಲಿ ಹಾನಿಯೇ ಆಗುತ್ತದೆ. ನಳಿಗೆಯಲ್ಲೂ ಹಾಗೆಯೇ. .22 ರೈಫಲ್‌ನ ಪುಟ್ಟ ಕಾಡತೂಸಿನಲ್ಲಿ ಮದ್ದು ಅತ್ಯಲ್ಪ. ಅದರ ಗುಂಡು ಸುಮಾರು 16 ಅಂಗುಲದ ನಳಿಗೆಯಲ್ಲಿಯೇ ತನ್ನ ಗರಿಷ್ಠ ವೇಗವನ್ನು ಮುಟ್ಟಿಬಿಡುತ್ತದೆ. ಅಲ್ಲಿಂದ ಮುಂದೆ ನಳಿಗೆ ಬೆಳೆದರೆ ಉಜ್ಜುವಿಕೆಯಿಂದ ವೇಗ ಕುಗ್ಗಲೂಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನಿವಾರಿಸಬೇಕು. ಗಿಡ್ಡ ನಳಿಗೆಯ ಬಾಯಿಯಲ್ಲಿ ದೊಡ್ಡ ಬೆಂಕಿ ಕಂಡರೆ, ಮದ್ದು ಅರ್ಧ ಉರಿದು ಅರ್ಧ ಹೊರಗೆ ಹೋಯಿತು ಎನ್ನುತ್ತಾರೆ. ಹೊಗೆರಹಿತ ಮದ್ದು ಸಾಮಾನ್ಯವಾಗಿ ನಳಿಗೆಯ ಮೊದಲ ಭಾಗದಲ್ಲಿಯೇ ಬಹುಮಟ್ಟಿಗೆ ಉರಿದು ಮುಗಿದಿರುತ್ತದೆ. ಬಾಯಿಯಲ್ಲಿ ಕಾಣುವ ಬೆಂಕಿಯ ಬಹುಪಾಲು, ಹೊರಬಂದ ಬಿಸಿ ಅನಿಲವು ಗಾಳಿಯೊಡನೆ ಬೆರೆತು ಮತ್ತೆ ಹೊತ್ತಿಕೊಂಡದ್ದು. ನೋಡಲು ಭಯಂಕರ, ಆದರೆ ಅದನ್ನು ನೋಡಿ ವೇಗದ ನಷ್ಟವನ್ನು ಲೆಕ್ಕ ಹಾಕಲಾಗದು.

ದೊಡ್ಡ ಬೋರಿನ ಲೆಕ್ಕ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. .375 ಮತ್ತು .458 ಎಂಬ ಎರಡು ಕಾಡತೂಸುಗಳನ್ನು ತೆಗೆದುಕೊಳ್ಳಿ. ಈ ಅಂಕಿಗಳು ಗುಂಡಿನ ಅಡ್ಡಳತೆಯನ್ನು ಅಂಗುಲದಲ್ಲಿ ಹೇಳುತ್ತವೆ. ಮೊದಲನೆಯದು ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದದ್ದು. ಎರಡನೆಯದು ಅಮೆರಿಕದ ವಿಂಚೆಸ್ಟರ್ ಕಂಪನಿ 1956ರಲ್ಲಿ ತಂದದ್ದು. ಎರಡರ ಕೋಶದೊಳಗೂ ಹಿಡಿಸುವ ಮದ್ದಿನ ಜಾಗ ಹೆಚ್ಚು ಕಡಿಮೆ ಒಂದೇ. ಆದರೆ ನಳಿಗೆಯ ತೂತಿನ ವಿಸ್ತೀರ್ಣ ಅಡ್ಡಳತೆಯ ವರ್ಗದಂತೆ ಏರುತ್ತದೆ. ಆದ್ದರಿಂದ .458ರ ತೂತಿನ ವಿಸ್ತೀರ್ಣ .375ರ ಸುಮಾರು ಒಂದೂವರೆ ಪಟ್ಟು. ಅಂದರೆ ದೊಡ್ಡ ಬೋರಿನಲ್ಲಿ ಗುಂಡು ಒಂದು ಅಂಗುಲ ಸರಿದರೆ ಅನಿಲಕ್ಕೆ ಸಿಗುವ ಹೊಸ ಜಾಗ, ಸಣ್ಣದರಲ್ಲಿ ಒಂದೂವರೆ ಅಂಗುಲ ಸರಿದಾಗ ಸಿಗುವಷ್ಟು.

ಇದರ ಪರಿಣಾಮವೇನು? ಅನಿಲ ಬೇಗ ಹಿಗ್ಗುತ್ತದೆ, ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಬೇಗ ಕೊಟ್ಟು ಮುಗಿಸುತ್ತದೆ. ನಳಿಗೆಯ ಕೊನೆಯ ಅಂಗುಲಗಳಲ್ಲಿ ಅದರ ಬಳಿ ಉಳಿದಿರುವ ಬಲ ಕಡಿಮೆ. ಅಗಲವಾದ ಕಾಲುವೆಗೆ ಬಿಟ್ಟ ನೀರು ಬೇಗ ಹರಡಿ ಇಳಿದಂತೆ. ಸಣ್ಣ ತೂತು, ಹೆಚ್ಚು ಮದ್ದು ಇರುವ .300 ಮ್ಯಾಗ್ನಮ್ ಜಾತಿಯ ರೈಫಲ್‌ಗಳಲ್ಲಿ ಒಂದು ಅಂಗುಲ ಕಡಿದರೆ ಸೆಕೆಂಡಿಗೆ 30 ಅಡಿ ಅಥವಾ ಅದಕ್ಕೂ ಹೆಚ್ಚು ವೇಗ ಹೋಗಬಹುದು. ದೊಡ್ಡ ಬೋರಿನವುಗಳಲ್ಲಿ ಸಾಮಾನ್ಯವಾಗಿ 15ರಿಂದ 25 ಅಡಿ ಮಾತ್ರ. ಎರಡು ಸಾವಿರ ಅಡಿಗೂ ಮಿಕ್ಕ ವೇಗದಲ್ಲಿ ಇದು ನೂರಕ್ಕೆ ಒಂದರಷ್ಟು.

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್‌ಸನ್‌ರ ಕಾಡಿನ ಕಥೆಗಳನ್ನು ನಮ್ಮ ಸದಸ್ಯರಲ್ಲಿ ಓದದವರು ಕಡಿಮೆ. ಆಂಡರ್‌ಸನ್ ಕೈಯಲ್ಲಿದ್ದದ್ದು ವಿಂಚೆಸ್ಟರ್ 1895ನೇ ಮಾದರಿಯ .405 ರೈಫಲ್. ಆ ಕಾಡತೂಸು 1904ರಲ್ಲಿ ಬಂದದ್ದು. 300 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 2,200 ಅಡಿ ವೇಗ. ಆ ಮಾದರಿಯ ನಳಿಗೆ 24 ಅಂಗುಲ. ಅದೇ ನಳಿಗೆ 22 ಅಂಗುಲವಿದ್ದಿದ್ದರೆ ವೇಗ ನೂರಕ್ಕೆ ಎರಡರಷ್ಟು ಇಳಿಯುತ್ತಿತ್ತು, ಅಷ್ಟೆ. ಮಚಾನಿನ ಕೆಳಗೆ ನಿಂತ ಹುಲಿಗೆ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

.458ರ ಕಥೆ

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಗಲಾಟೆ ಏಕೆ ಎದ್ದಿತು? ಇದಕ್ಕೆ ಉತ್ತರ .458ರ ಚರಿತ್ರೆಯಲ್ಲಿದೆ. ಅದನ್ನು ಅರಿಯಲು ಇನ್ನೂ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

1898ರಲ್ಲಿ ಇಂಗ್ಲೆಂಡಿನ ಜಾನ್ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ಕಾಡತೂಸನ್ನು ತಂದಿತು. 480 ಗ್ರೇನ್ ಗುಂಡು, ಸೆಕೆಂಡಿಗೆ 2,150 ಅಡಿ. ಆಗಿನ ಕಾರ್ಡೈಟ್ ಎಂಬ ಮದ್ದು ಸೆಖೆಗೆ ಬೇಗ ಕೆರಳುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ಒತ್ತಡ ಆಫ್ರಿಕದ, ಹಿಂದೂಸ್ಥಾನದ ಬಿಸಿಲಿನಲ್ಲಿ ಏರಿಬಿಡುತ್ತಿತ್ತು. ಅದಕ್ಕೇ ಅವರು ಮೂರೂಕಾಲು ಅಂಗುಲ ಉದ್ದದ ದೊಡ್ಡ ಕೋಶ ಮಾಡಿ, ಒತ್ತಡವನ್ನು ಕಡಿಮೆ ಇಟ್ಟರು. ಜಾಗ ಧಾರಾಳ, ಒತ್ತಡ ಮಿತ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಬೋರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1907ರಲ್ಲಿ ಬ್ರಿಟಿಷ್ ಸರಕಾರ ಹಿಂದೂಸ್ಥಾನ ಮತ್ತು ಸುಡಾನ್‌ಗಳಲ್ಲಿ .450 ಬೋರನ್ನು ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳೂ ಅದೇ ಬೋರಿನವು. ದಂಗೆಕೋರರ ಕೈಗೆ ಗುಂಡು ಸಿಕ್ಕೀತೆಂಬ ಭಯ. ಇಂಗ್ಲೆಂಡಿನ ಕೋವಿ ತಯಾರಕರು ಕೈಕಟ್ಟಿ ಕೂರಲಿಲ್ಲ. .465, .470, .475 ಎಂದು ಬೋರನ್ನು ಒಂದಿಷ್ಟು ಹಿಗ್ಗಿಸಿ, ಅದೇ ಬಲದ ಹೊಸ ಕಾಡತೂಸುಗಳನ್ನು ಮಾರುಕಟ್ಟೆಗೆ ಬಿಟ್ಟರು. ನಮ್ಮ ಹಳೆಯ ಎಸ್ಟೇಟ್ ಬಂಗಲೆಗಳ ಕಥೆಗಳಲ್ಲಿ .450ಗಿಂತ .470ರ ಹೆಸರು ಹೆಚ್ಚಾಗಿ ಬಂದರೆ ಅದಕ್ಕೆ ಕಾರಣ ಬೇಟೆಯ ಶಾಸ್ತ್ರವಲ್ಲ, ಸರಕಾರದ ಅಂಜಿಕೆ.

ಜೋಡುನಳಿಗೆಯ ಆ ಇಂಗ್ಲಿಷ್ ರೈಫಲ್‌ಗಳು ಬಲು ದುಬಾರಿ. 1956ರಲ್ಲಿ ವಿಂಚೆಸ್ಟರ್ ಕಂಪನಿ, ಅದೇ ಬಲವನ್ನು ಸಾಮಾನ್ಯ ಬೋಲ್ಟ್ ರೈಫಲ್‌ನಲ್ಲಿ, ಸಾಮಾನ್ಯನ ಕೈಗೆಟಕುವ ಬೆಲೆಯಲ್ಲಿ ಕೊಡುತ್ತೇವೆಂದು .458 ಮ್ಯಾಗ್ನಮ್ ಅನ್ನು ತಂದಿತು. ಉದ್ದೇಶ ಒಳ್ಳೆಯದೇ. ಆಫ್ರಿಕದ ಅರಣ್ಯಾಧಿಕಾರಿಗಳು, ಬೇಟೆಯ ಮಾರ್ಗದರ್ಶಕರು ಅದನ್ನು ಸಂತೋಷದಿಂದ ಸ್ವೀಕರಿಸಿದರು. ಡಬ್ಬಿಯ ಲೆಕ್ಕದಂತೆ 500 ಗ್ರೇನ್ ಗುಂಡು, ಸೆಕೆಂಡಿಗೆ 2,130 ಅಡಿ.

ಆದರೆ ಆ 2,130 ಅಡಿ 26 ಅಂಗುಲದ ಪರೀಕ್ಷಾ ನಳಿಗೆಯಿಂದ ಅಳೆದದ್ದು. ಜನ ಹೆಗಲಿಗೇರಿಸಿಕೊಂಡು ಕಾಡಿಗೆ ಹೋದ ರೈಫಲ್‌ಗಳ ನಳಿಗೆ 22ರಿಂದ 25 ಅಂಗುಲ. ಆಗ ಸಾಮಾನ್ಯ ಬೇಟೆಗಾರನ ಬಳಿ ವೇಗ ಅಳೆಯುವ ಯಂತ್ರವಿರಲಿಲ್ಲ. ಡಬ್ಬಿಯ ಮೇಲಿನದೇ ವೇದವಾಕ್ಯ. ಮುಂದೆ ಅಳೆದು ನೋಡಿದವರಿಗೆ ಅನೇಕ ರೈಫಲ್‌ಗಳಲ್ಲಿ 2,000 ಅಡಿಯೂ ಬರದಿದ್ದುದು ಕಂಡುಬಂತು.

ವೇಗ ಇಳಿದರೆ ಹೊಡೆತ ಎಷ್ಟು ಇಳಿಯುತ್ತದೆಂಬುದನ್ನು ನೋಡಿ. 500 ಗ್ರೇನ್ ಗುಂಡಿಗೆ 2,130 ಅಡಿ ವೇಗವಿದ್ದರೆ ಶಕ್ತಿ ಸುಮಾರು 5,040 ಅಡಿ-ಪೌಂಡ್. 1,950 ಅಡಿಗೆ ಇಳಿದರೆ ಸುಮಾರು 4,220 ಅಡಿ-ಪೌಂಡ್. ವೇಗದಲ್ಲಿ ಹೋದದ್ದು ನೂರಕ್ಕೆ ಎಂಟೂವರೆ, ಶಕ್ತಿಯಲ್ಲಿ ಹೋದದ್ದು ನೂರಕ್ಕೆ ಹದಿನಾರು. ಆನೆಯ ತಲೆಬುರುಡೆ, ಎಮ್ಮೆಯ ಹೆಗಲೆಲುಬು ಸೀಳಿ ಒಳಹೋಗಬೇಕಾದ ಗುಂಡಿಗೆ ಇದು ಸಣ್ಣ ನಷ್ಟವಲ್ಲ. ಜ್ಯಾಕ್ ಲಾಟ್ ಎಂಬ ಅಮೆರಿಕದ ಬೇಟೆಗಾರ 1959ರಲ್ಲಿ ಮೊಜಾಂಬಿಕ್‌ನಲ್ಲಿ .458 ಹಿಡಿದಿದ್ದಾಗಲೇ ಕಾಡು ಎಮ್ಮೆಯ ಕೈಗೆ ಸಿಕ್ಕಿ ಗಾಯಗೊಂಡ. ಬದುಕಿ ಬಂದವನು ಇನ್ನೂ ಬಲವಾದ ಕಾಡತೂಸು ಬೇಕೆಂದು ಹಟ ಹಿಡಿದ.

ತಪ್ಪು ಯಾರದು

ಇಲ್ಲಿ ಜನ ಹೇಳಿದ್ದು: ನಳಿಗೆ ಕಡಿದರು, ವೇಗ ಹೋಯಿತು. ಉದ್ದ ನಳಿಗೆ ಕೊಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡೋಣ.

26 ಅಂಗುಲದಿಂದ 22ಕ್ಕೆ ಇಳಿಸಿದರೆ ಕಡಿದದ್ದು 4 ಅಂಗುಲ. ಅಂಗುಲಕ್ಕೆ 20 ಅಡಿಯಂತೆ ಹಿಡಿದರೆ 80 ಅಡಿ. 25ರಂತೆ ಹಿಡಿದರೂ 100 ಅಡಿ. 2,130ರಲ್ಲಿ 100 ಕಳೆದರೆ 2,030 ಉಳಿಯಬೇಕು. 2,000ಕ್ಕಿಂತ ಕೆಳಗೆ ಇಳಿದದ್ದೇಕೆ? 25 ಅಂಗುಲದ ನಳಿಗೆಯಲ್ಲಿಯೂ ಅಂಕಿ ಮುಟ್ಟದೆ ಹೋದದ್ದೇಕೆ? ನಳಿಗೆಯ ತಪ್ಪು ಇದ್ದದ್ದು ನಿಜ, ಆದರೆ ಅದು ಅರ್ಧ ಪಾಲಿನದು.

ಇನ್ನರ್ಧ ಕೋಶದಲ್ಲಿತ್ತು. ಸಾಮಾನ್ಯ ಉದ್ದದ ಬೋಲ್ಟಿನಲ್ಲಿ ಹಿಡಿಸಲೆಂದು .375ರ ಮನೆತನದ 2.85 ಅಂಗುಲದ ಕೋಶವನ್ನು 2.5 ಅಂಗುಲಕ್ಕೆ ಮೊಟಕು ಮಾಡಿದ್ದರು. ಉದ್ದವಾದ 500 ಗ್ರೇನ್ ಗುಂಡು ಒಳಗೆ ಕುಳಿತ ಮೇಲೆ ಮದ್ದಿಗೆ ಉಳಿದ ಜಾಗ ಇಕ್ಕಟ್ಟು. ಮದ್ದನ್ನು ಅದುಮಿ ತುಂಬಬೇಕಾಯಿತು. ಅದುಮಿದ ಮದ್ದು ಕಾಲಕ್ರಮದಲ್ಲಿ ಗಂಟು ಕಟ್ಟಿ, ಒಂದು ಈಡು ಜೋರು, ಒಂದು ಈಡು ಮೆತ್ತಗೆ ಆಗುತ್ತಿದೆಯೆಂಬ ದೂರು 1970ರ ಸುಮಾರಿಗೆ ಬಲವಾಯಿತು. ಚೀಲದ ಬಾಯಿ ಕಟ್ಟಲಾಗದಷ್ಟು ಸುಣ್ಣ ತುರುಕಿ ಮಳೆಗಾಲ ಕಳೆದರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಕೋಶ ದೊಡ್ಡದಿರಲಿ, ಒತ್ತಡ ಮಿತವಾಗಿರಲಿ ಎಂದು 1898ರವರು ಕಂಡುಕೊಂಡಿದ್ದ ಪಾಠವನ್ನು 1956ರವರು ಉಳಿತಾಯದ ಹೆಸರಿನಲ್ಲಿ ಬದಿಗಿಟ್ಟಿದ್ದರು.

ಇದಕ್ಕೆ ಎರಡು ಸಾಕ್ಷಿಗಳಿವೆ. ಮೊದಲನೆಯದು, ಜ್ಯಾಕ್ ಲಾಟ್ ಕಂಡುಕೊಂಡ ಪರಿಹಾರ. 1971ರಲ್ಲಿ ಆತ ರೂಪಿಸಿದ .458 ಲಾಟ್ ಕಾಡತೂಸಿನಲ್ಲಿ ಉದ್ದ ಮಾಡಿದ್ದು ನಳಿಗೆಯನ್ನಲ್ಲ, ಕೋಶವನ್ನು. 2.5 ಅಂಗುಲವಿದ್ದದ್ದು 2.8 ಆಯಿತು. ಮದ್ದಿಗೆ ಜಾಗ ಸಿಕ್ಕಿತು. ಅದೇ 500 ಗ್ರೇನ್ ಗುಂಡು 2,300 ಅಡಿ ಮುಟ್ಟಿತು. ಕೋಶಕ್ಕೆ ಕೂಡಿಸಿದ್ದು ಅಂಗುಲದ ಮೂರನೇ ಒಂದು ಭಾಗಕ್ಕೂ ಕಡಿಮೆ. ಅದು ಕೊಟ್ಟಷ್ಟು ವೇಗವನ್ನು ನಳಿಗೆಗೆ ನಾಲ್ಕಾರು ಅಂಗುಲ ಕೂಡಿಸಿದರೂ ಪಡೆಯಲಾಗುತ್ತಿರಲಿಲ್ಲ. 2002ರಲ್ಲಿ ಅಮೆರಿಕದ ಕಾರ್ಖಾನೆಗಳು ಅದನ್ನು ಅಧಿಕೃತವಾಗಿ ತಯಾರಿಸತೊಡಗಿದವು. ಎರಡನೆಯ ಸಾಕ್ಷಿ, ಹಳೆಯ .458 ಮ್ಯಾಗ್ನಮ್‌ನದೇ ಇಂದಿನ ಸ್ಥಿತಿ. ಈಗಿನ ಸುಧಾರಿತ ಮದ್ದು ಹಾಕಿದರೆ ಅದೇ ಮೊಟಕು ಕೋಶ, 24 ಅಂಗುಲದ ನಳಿಗೆಯಿಂದಲೇ 2,100 ಅಡಿಯ ಆಸುಪಾಸಿನ ವೇಗ ಕೊಡುತ್ತಿದೆ. ನಳಿಗೆ ಬೆಳೆಯಲಿಲ್ಲ, ಮದ್ದು ಬದಲಾಯಿತು. ಹೋದ ವೇಗ ಹಿಂದಕ್ಕೆ ಬಂತು.

ಕಣ್ಣಿಗೆ ಕಾಣುವುದರ ಮೇಲೆ ತಪ್ಪು ಹೊರಿಸುವುದು ಮನುಷ್ಯ ಸ್ವಭಾವ. ನಳಿಗೆ ಕಣ್ಣಿಗೆ ಕಾಣುತ್ತದೆ, ಅಳೆಯಲು ಒಂದು ಟೇಪು ಸಾಕು. ಕೋಶದೊಳಗಿನ ಮದ್ದು ಕಾಣುವುದಿಲ್ಲ. ಮಳೆಗಾಲದಲ್ಲಿ ಕಾಫಿ ಎಲೆ ಉದುರಿದರೆ ಮರದ ನೆರಳನ್ನು ದೂರುವವರು ಬೇರಿನ ಬುಡದಲ್ಲಿ ನೀರು ನಿಂತದ್ದನ್ನು ನೋಡುವುದಿಲ್ಲ.

ಉದ್ದಕ್ಕೂ ಒಂದು ಬೆಲೆಯಿದೆ

ಹಾಗೆಂದು ನಳಿಗೆಯ ಉದ್ದ ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಉದ್ದ ನಳಿಗೆಯ ಹಿಂದು ಮುಂದಿನ ಗುರಿಕಣ್ಣುಗಳ ನಡುವೆ ಅಂತರ ಹೆಚ್ಚು; ಗುರಿಯ ತಪ್ಪು ಬೇಗ ಗೊತ್ತಾಗುತ್ತದೆ. ಸದ್ದು, ಬೆಂಕಿ ಹೊಡೆಯುವವನ ಮುಖದಿಂದ ದೂರ. ಮೂತಿಯ ತೂಕದಿಂದ ಕೈ ಅಲುಗಾಡುವುದು ಕಡಿಮೆ. ಬಯಲು ಸೀಮೆಯಲ್ಲಿ ಮುನ್ನೂರು ಗಜದಾಚೆಗೆ ಸಣ್ಣ ಬೋರಿನಿಂದ ಹೊಡೆಯುವವನಿಗೆ ನಾಲ್ಕು ಅಂಗುಲ ಹೆಚ್ಚಿದ್ದರೆ ಪ್ರಯೋಜನವುಂಟು.

ಆದರೆ ದೊಡ್ಡ ಬೋರಿನ ಕೆಲಸ ಬಯಲಿನದಲ್ಲ, ಪೊದೆಯೊಳಗಿನದು. ಅಲ್ಲಿ ಇಪ್ಪತ್ತು ಮೂವತ್ತು ಗಜದಲ್ಲಿ ಪ್ರಾಣಿ ಎದುರಾಗುತ್ತದೆ. ರೈಫಲ್ ಬಳ್ಳಿಗೆ ಸಿಕ್ಕಿಕೊಳ್ಳದೆ ಹೆಗಲಿಗೆ ಬರಬೇಕು. ಇಂಗ್ಲಿಷರ ಜೋಡುನಳಿಗೆ ರೈಫಲ್‌ಗಳಿಗೆ ಬೋಲ್ಟಿನ ಉದ್ದದ ಪೆಟ್ಟಿಗೆಯಿಲ್ಲ. ಆದ್ದರಿಂದ 26 ಅಂಗುಲದ ನಳಿಗೆಯಿದ್ದರೂ ಇಡೀ ಆಯುಧದ ಉದ್ದ 22-23 ಅಂಗುಲದ ಬೋಲ್ಟ್ ರೈಫಲ್‌ನಷ್ಟೇ. ಇದನ್ನು ತಿಳಿಯದೆ ನಳಿಗೆಯನ್ನು ಮಾತ್ರ ಹೋಲಿಸಿ ಇದು ದೊಡ್ಡದು, ಅದು ಸಣ್ಣದು ಎನ್ನುವುದು ಅರ್ಥವಿಲ್ಲದ ಮಾತು. ಇನ್ನು ಬೆಲ್ ಎಂಬ ಸ್ಕಾಟ್ಲೆಂಡಿನವನು ಕಳೆದ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ; ಅದರಲ್ಲಿ ಬಹುಪಾಲಿಗೆ ಬಳಸಿದ್ದು 7 ಮಿಲಿಮೀಟರಿನ ಸಣ್ಣ ಬೋರು. ಆ ಲೆಕ್ಕ ಇಂದು ಯಾರಿಗೂ ಹೆಮ್ಮೆಯದಲ್ಲ. ಆದರೂ ಗುಂಡು ಎಲ್ಲಿ ತಾಗಿತು ಎಂಬುದು ಅದು ಎಷ್ಟು ವೇಗವಾಗಿ ತಾಗಿತು ಎಂಬುದಕ್ಕಿಂತ ಮುಖ್ಯವೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ನಮ್ಮ ಕೋವಿಗಳಿಗೆ ಇದರ ಅನ್ವಯ

ಆನೆ ಹೊಡೆಯುವ ರೈಫಲ್‌ಗಳ ವಿಚಾರ ನಮಗೇಕೆ ಎಂದು ಕೆಲವರು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಆನೆಯೂ ಇದೆ, ಕಾಟಿಯೂ ಇದೆ. ಎಷ್ಟೇ ಉಪಟಳವಿದ್ದರೂ ಅವುಗಳ ಮೇಲೆ ಈಡು ಹೊಡೆಯುವ ಅಧಿಕಾರ ಬೆಳೆಗಾರನಿಗಿಲ್ಲ, ಹೊಡೆಯಬೇಕೆಂದೂ ನಾವು ಹೇಳುವುದಿಲ್ಲ. ನಮ್ಮ ಮನೆಯಲ್ಲಿರುವುದು ಹನ್ನೆರಡು ಬೋರು. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದೂ ಹಿಡಿಸುವ ತೂತು ಎಂದು ಅದರ ಅರ್ಥ, ಅಡ್ಡಳತೆ.729 ಅಂಗುಲ. ಆನೆ ರೈಫಲ್‌ಗಿಂತಲೂ ಅಗಲವಾದ ತೂತು! ಅಂದಮೇಲೆ ಮೇಲೆ ಹೇಳಿದ ಲೆಕ್ಕ ಇದಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಚರೆಯ ಕಾಡತೂಸಿನಲ್ಲಿ ಒಂದು ಅಂಗುಲ ನಳಿಗೆಯಿಂದ ಬರುವ ವ್ಯತ್ಯಾಸ ಸಾಮಾನ್ಯವಾಗಿ 5ರಿಂದ 10 ಅಡಿ. 26 ಅಂಗುಲಕ್ಕೂ 30 ಅಂಗುಲಕ್ಕೂ ನಡುವೆ ಹೆಚ್ಚೆಂದರೆ 40 ಅಡಿ. 1,200 ಅಡಿಯ ಆಸುಪಾಸಿನ ವೇಗದಲ್ಲಿ ಇದು ಗಣನೆಗೆ ಬಾರದು.

ಆದ್ದರಿಂದ ನಮ್ಮ ಸದಸ್ಯರಿಗೆ ಕೆಲವು ಮಾತು.

ಮೊದಲನೆಯದು, ಉದ್ದದ ಹೆಸರಿನಲ್ಲಿ ಹೆಚ್ಚು ಹಣ ಕೊಡಬೇಡಿ. ಹಳೆಯ ಕೋವಿ ಕೊಳ್ಳುವಾಗ ನಳಿಗೆಯ ಒಳಮೈ, ಕೀಲಿನ ಬಿಗಿತ, ಕಾಡತೂಸು ಕೂರುವ ಜಾಗದ ಅಳತೆ ನೋಡಿ. ಎಷ್ಟೋ ಹಳೆಯ ಇಂಗ್ಲಿಷ್ ಕೋವಿಗಳ ಆ ಜಾಗ ಎರಡೂವರೆ ಅಂಗುಲದ್ದು; ಈಗ ಹೆಚ್ಚಾಗಿ ಸಿಗುವ 70 ಮಿಲಿಮೀಟರಿನ ಕಾಡತೂಸು ಅದಕ್ಕೆ ತಕ್ಕದ್ದಲ್ಲ. ಒಳಗೆ ಕೂತರೂ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. ಕಬ್ಬಿಣ ಉಕ್ಕು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆಯ ಕೋವಿಯಾದರೆ, ಅದಕ್ಕೆ ಇಂದಿನ ಕಾಡತೂಸು ಹಾಕಲೇಬೇಡಿ.

ಎರಡನೆಯದು, ಗಿಡ್ಡದಾಗಿದ್ದರೆ ಓಡಾಟಕ್ಕೆ ಅನುಕೂಲವೆಂದು ನಳಿಗೆ ಕಡಿಸಬೇಡಿ. ವೇಗ ಹೆಚ್ಚು ಹೋಗದೆಂಬುದು ನಿಜ. ಆದರೆ ಚರೆಯನ್ನು ಒಟ್ಟಾಗಿ ಹಿಡಿಯುವ ಚೋಕು ಇರುವುದು ನಳಿಗೆಯ ತುದಿಯಲ್ಲಿ. ಪೂರ್ಣ ಚೋಕಿನ ಕೋವಿ 40 ಗಜದಲ್ಲಿ 30 ಅಂಗುಲದ ವೃತ್ತದೊಳಗೆ ನೂರಕ್ಕೆ ಎಪ್ಪತ್ತು ಚರೆ ಇಡುತ್ತದೆ, ಚೋಕಿಲ್ಲದ್ದು ನಲವತ್ತು. ತುದಿ ಕಡಿದರೆ ಹೋಗುವುದು ವೇಗವಲ್ಲ, ಈ ಮೂವತ್ತು. ಅಷ್ಟೇ ಅಲ್ಲ, 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೇ ಕಲಮಿನಂತೆ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. 20 ಅಂಗುಲಕ್ಕಿಂತ ಗಿಡ್ಡ ನಳಿಗೆಯ ಚರೆಕೋವಿಯನ್ನು ಕಾನೂನು ಬೇರೆಯೇ ವರ್ಗದಲ್ಲಿ ಇಟ್ಟಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಳಿಗೆಯ ಕೊರತೆಯನ್ನು ಮದ್ದಿನಿಂದ ತುಂಬಲು ಹೋಗಬೇಡಿ. ವೇಗ ನಳಿಗೆಯುದ್ದಕ್ಕೂ ನಿಧಾನವಾಗಿ ಕೂಡುವಂಥದ್ದು. ಒತ್ತಡ ಮೊದಲ ಅಂಗುಲಗಳಲ್ಲೇ ಒಮ್ಮೆಲೇ ಏರುವಂಥದ್ದು. ಮದ್ದು ಹೆಚ್ಚಿಸಿದಾಗ ಏರುವುದು ಮೊದಲು ಒತ್ತಡ, ಆಮೇಲೆ ವೇಗ. ಕೇಪಿನ ಕೋವಿಗೆ ಕರಿಮದ್ದಿನ ಬದಲು ಕಾಡತೂಸು ಬಿಚ್ಚಿ ಅದರ ಹೊಗೆರಹಿತ ಮದ್ದನ್ನು ತುಂಬುವುದಂತೂ ಕೈಯಾರೆ ಬಾಂಬು ಮಾಡಿ ಕೆನ್ನೆಗೆ ಒತ್ತಿಕೊಂಡಂತೆ. ಅದೇ ರೀತಿ ಇಳಿಜಾರಿನ ತೋಟದಲ್ಲಿ ಜಾರಿ ಉದ್ದ ನಳಿಗೆಯ ಮೂತಿ ಮಣ್ಣಿಗೆ ಊರಿದ್ದರೆ, ಒಳಗೆ ಬೆಳಕು ಹಾಯ್ದದ್ದನ್ನು ನೋಡದೆ ಮುಂದಿನ ಈಡು ಹೊಡೆಯಬಾರದು. ನಳಿಗೆ ಸಿಡಿಯಲು ಒಂದು ಹಿಡಿ ಕೆಸರು ಸಾಕು.

ಅಂಕಿಯ ಹಿಂದಿನ ಷರತ್ತು

ಈ ಇಡೀ ಕಥೆಯಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಬೇರೆ ಒಂದು ಅಂಶ. 2,130 ಎಂಬ ಅಂಕಿ ಸುಳ್ಳಲ್ಲ. 26 ಅಂಗುಲದ ನಳಿಗೆಯಲ್ಲಿ, ಹೊಸ ಮದ್ದಿನಲ್ಲಿ, ಪರೀಕ್ಷಾಲಯದಲ್ಲಿ ಅದು ನಿಜವೇ ಆಗಿತ್ತು. ಹೇಳದೆ ಬಿಟ್ಟದ್ದು ಷರತ್ತನ್ನು. ಷರತ್ತು ಬಿಟ್ಟ ನಿಜ ಮೊಜಾಂಬಿಕ್‌ನ ಹುಲ್ಲಿನಲ್ಲಿ ನಿಂತವನ ಪಾಲಿಗೆ ಸುಳ್ಳಿನಷ್ಟೇ ಅಪಾಯಕಾರಿಯಾಯಿತು.

ಬೆಳೆಗಾರರಾದ ನಾವು ದಿನವೂ ಇಂಥ ಅಂಕಿಗಳ ನಡುವೆಯೇ ಬದುಕುತ್ತಿದ್ದೇವೆ. ಪಂಪಿನ ಮೇಲೆ ಗಂಟೆಗೆ ಇಷ್ಟು ಸಾವಿರ ಲೀಟರ್ ಎಂದಿರುತ್ತದೆ. ಎಷ್ಟು ಎತ್ತರಕ್ಕೆ ಎಂದು ಕೇಳದೆ ಕೊಂಡವರ ತೋಟದ ಮೇಲ್ದಂಡೆಗೆ ನೀರೇ ಏರುವುದಿಲ್ಲ. ಹೊಸ ತಳಿಯ ಗಿಡಕ್ಕೆ ಇಷ್ಟು ಕಿಲೋ ಫಸಲು ಎನ್ನುತ್ತಾರೆ. ಎಷ್ಟು ನೀರು, ಎಷ್ಟು ನೆರಳು, ಎಷ್ಟನೆಯ ವರ್ಷದಲ್ಲಿ ಎಂದು ಹೇಳುವುದಿಲ್ಲ. ಚೆರ್ರಿ ಕಾಫಿಗೆ ಚೀಲಕ್ಕೆ ಇಂತಿಷ್ಟು ದರವೆಂದು ಫಲಕ ಹಾಕುತ್ತಾರೆ. ಯಾವ ಔಟ್‌ಟರ್ನ್‌ಗೆ, ಎಷ್ಟು ತೇವಾಂಶಕ್ಕೆ ಎಂಬುದು ತೂಕ ಹಾಕುವಾಗ ಮಾತ್ರ ಹೊರಬರುತ್ತದೆ. ಇವೆಲ್ಲವೂ 26 ಅಂಗುಲದ ನಳಿಗೆಯ ಅಂಕಿಗಳೇ. ನಮ್ಮ ಕೈಯಲ್ಲಿರುವುದು 22 ಅಂಗುಲದ್ದು.

ಅಂಕಿ ಹೇಳುವವನನ್ನು ಅನುಮಾನಿಸಬೇಕೆಂದು ನಾವು ಹೇಳುತ್ತಿಲ್ಲ. ಷರತ್ತನ್ನು ಕೇಳಬೇಕೆಂದು ಹೇಳುತ್ತಿದ್ದೇವೆ. ಯಾವ ನಳಿಗೆ? ಯಾವ ಮದ್ದು? ಯಾರು ಅಳೆದರು? ಈ ಪ್ರಶ್ನೆಗಳಿಗೆ ಸಂಕೋಚ ಬೇಡ. ನಷ್ಟ ಕಂಡಾಗಲೂ ಕಣ್ಣಿಗೆ ಮೊದಲು ಬಿದ್ದದ್ದನ್ನೇ ದೂರದೆ, ಒಂದೊಂದಾಗಿ ಲೆಕ್ಕ ಹಾಕಿ, ಯಾವುದರ ಪಾಲು ಎಷ್ಟು ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು.

ಬರುವ ಕುಯ್ಲಿಗೆ ಮುನ್ನ ಕೋವಿ ಹೊರತೆಗೆಯುವ ಸದಸ್ಯರು ದಯವಿಟ್ಟು ಒಂದು ಕೆಲಸ ಮಾಡಬೇಕೆಂದು ವಿನಂತಿಸುತ್ತೇವೆ. ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕು, ಕುಳಿ, ಕಣಜದ ಗೂಡು ಇದೆಯೇ ನೋಡಿ. ಅನುಮಾನವಿದ್ದರೆ ಪರವಾನಗಿಯುಳ್ಳ ದುರಸ್ತಿಗಾರನಿಗೆ ತೋರಿಸಿ. ಉದ್ದ ಎಷ್ಟಿದೆಯೋ ಅಷ್ಟೇ ಇರಲಿ.